ಬತ್ತೀನಿ ಅಂದೋರು ಬರ್ಲಿಲ್ಲ

ಮಕ್ಕಳೇ,

ಹೋದ ಭಾನುವಾರ ಮೊಮ್ಮಗಳಿಗೆ ಶ್ರೀರಂಗಪಟ್ಟಣದ ಕೋಟೆ ತೋರಿಸೋಣ ಅಂತ ಶೀಳನೆರೆಯಿಂದ ಹೊರಟೆ. ಕೆ.ಆರ್.ಪೇಟೆಯಲ್ಲಿ ಪಾಂಡವಪುರದ ಬಸ್ಸು ಹತ್ತಿದೆವು. ಅವಳು ಏಳನೇ ಕ್ಲಾಸು. ಹಿಂದಿನ ರಾತ್ರಿ ಟೀವಿ ವಾರ್ತೆಯಲ್ಲಿ ನ್ಯಾಟೋ ಅನ್ನುವ ಹೆಸರು ಅವಳ ಕಿವಿಗೆ ಬಿದ್ದಿತ್ತು.

"ತಾತ, ಸಣ್ಣ ಸಣ್ಣ ದೇಶಗಳೆಲ್ಲ ಯಾಕೆ ಗುಂಪು ಸೇರ್ಕೊತವೆ?"

"ಯಾರಾದ್ರೂ ದೊಡ್ಡೋರು ಮೇಲೆ ಬಿದ್ರೆ ಒಬ್ಬರಿಗೊಬ್ಬರು ಆಗ್ತೀವಿ ಅಂತ ಮಾತು ಕೊಟ್ಕೊತಾರೆ ಕಣವ್ವ."

"ಮಾತು ಕೊಟ್ಟೋರು ಬರ್ದೇ ಹೋದ್ರೆ?"

ಅಷ್ಟರಲ್ಲಿ ಬಸ್ಸು ಚಿನಕುರಳಿಯಲ್ಲಿ ನಿಂತಿತು. ಅವಳ ಪ್ರಶ್ನೆಗೆ ಉತ್ತರ ಆ ಊರಿನಲ್ಲೇ ಇತ್ತು.

ಆಗ ಮೈಸೂರನ್ನು ಆಳುತ್ತಿದ್ದವನು ಹೈದರ್ ಅಲಿ. ಉತ್ತರಕ್ಕೆ ಮರಾಠರು, ಅವರ ಪಕ್ಕದಲ್ಲಿ ಹೈದರಾಬಾದಿನ ನಿಜಾಮ, ಪೂರ್ವಕ್ಕೆ ಮದ್ರಾಸಿನ ಇಂಗ್ಲಿಷ್ ಕಂಪನಿ. ಮೂವರ ನಡುವೆ ನಮ್ಮ ರಾಜ್ಯ. 1769ರಲ್ಲಿ ಹೈದರನ ಕುದುರೆಗಳು ಮದ್ರಾಸಿನ ಬಾಗಿಲಿಗೇ ಹೋಗಿ ನಿಂತಾಗ ಕಂಪನಿಯವರು ಒಪ್ಪಂದಕ್ಕೆ ಬಂದರು. ಒಬ್ಬರ ಮೇಲೆ ಬೇರೆಯವರು ದಂಡೆತ್ತಿ ಬಂದರೆ ಇನ್ನೊಬ್ಬರು ನೆರವಿಗೆ ಬರಬೇಕು ಎಂದು ಅದರಲ್ಲಿ ಬರೆದಿತ್ತು.

ಎರಡು ವರ್ಷಕ್ಕೆ ಆ ಮಾತಿನ ಪರೀಕ್ಷೆ ಬಂತು. 1771ರ ಮಾರ್ಚಿಯಲ್ಲಿ ಮರಾಠರ ದಂಡು ಮೇಲುಕೋಟೆ ಸೀಮೆಗೆ ನುಗ್ಗಿತು. ಹೈದರ್ ಮದ್ರಾಸಿಗೆ ಹೇಳಿ ಕಳಿಸಿದ, ಮತ್ತೆ ಮತ್ತೆ ಹೇಳಿ ಕಳಿಸಿದ. ಯಾರೂ ಬರಲಿಲ್ಲ. ಮರಾಠರನ್ನು ಎದುರು ಹಾಕಿಕೊಳ್ಳಲು ಕಂಪನಿಗೆ ಇಷ್ಟವಿರಲಿಲ್ಲ. ಮೇಲುಕೋಟೆಯಿಂದ ಹಿಂದೆ ಸರಿಯುತ್ತಿದ್ದ ಮೈಸೂರಿನ ಸೈನ್ಯ ಇದೇ ಚಿನಕುರಳಿಯ ಹತ್ತಿರ ಸಿಕ್ಕಿಬಿದ್ದು ಚೂರುಚೂರಾಯಿತು. ಹೈದರ್ ಹೇಗೋ ತಪ್ಪಿಸಿಕೊಂಡು ಶ್ರೀರಂಗಪಟ್ಟಣ ಸೇರಿದ. ಅವನನ್ನು ಕಾಪಾಡಿದ್ದು ಒಪ್ಪಂದದ ಕಾಗದವಲ್ಲ, ಕಾವೇರಿ ನಡುವಿನ ಕೋಟೆ. ಆಮೇಲೆ ಹಣವನ್ನೂ ಸೀಮೆಯನ್ನೂ ಕೊಟ್ಟು ಮರಾಠರನ್ನು ಕಳಿಸಬೇಕಾಯಿತು.

ಹೈದರ್ ಅದನ್ನು ಮರೆಯಲಿಲ್ಲ. 1780ರಲ್ಲಿ ಅದೇ ಮರಾಠರನ್ನೂ ನಿಜಾಮನನ್ನೂ ಜೊತೆ ಮಾಡಿಕೊಂಡು ಕಂಪನಿಯ ಮೇಲೆ ಯುದ್ಧಕ್ಕೆ ಹೊರಟ.

ಬಸ್ಸು ಪಾಂಡವಪುರ ಮುಟ್ಟಿತು. ಈ ಊರಿಗೆ ಹಿಂದೆ ಹಿರೋಡೆ ಅಂತ ಹೆಸರು. ಇಂಗ್ಲಿಷರು ಫ್ರೆಂಚ್ ರಾಕ್ಸ್ ಅನ್ನುತ್ತಿದ್ದರು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರು. ನನ್ನ ಓರಗೆಯವರಿಗೆ ಆ ಹೆಸರು ನೆನಪಿದ್ದೀತು.

ಇಂಗ್ಲಿಷರನ್ನು ಕಂಡರೆ ಫ್ರೆಂಚರಿಗೂ ಆಗುತ್ತಿರಲಿಲ್ಲ. ಆದ್ದರಿಂದ ಅವರು ಮೈಸೂರಿನ ಜೊತೆ ನಿಂತರು. 1783ರಲ್ಲಿ ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದಾಗ ಯುರೋಪಿನಿಂದ ಸುದ್ದಿ ಬಂತು: ಫ್ರಾನ್ಸ್ ಮತ್ತು ಇಂಗ್ಲೆಂಡ್ ರಾಜಿಯಾಗಿವೆ. ಟಿಪ್ಪುವಿನ ಜೊತೆಗಿದ್ದ ಫ್ರೆಂಚರು ಯುದ್ಧ ಬಿಟ್ಟು ಪಕ್ಕಕ್ಕೆ ಸರಿದರು. ಜಗಳ ಮುಗಿದದ್ದು ಅವರದು, ನಮ್ಮದಲ್ಲ.

"ಒಬ್ಬ ಬರ್ಲೇ ಇಲ್ಲ, ಇನ್ನೊಬ್ಬ ಅರ್ಧಕ್ಕೇ ಹೋದ" ಎಂದು ಮೊಮ್ಮಗಳು ಬೆರಳು ಮಡಿಸಿದಳು. ಮೂರನೆಯವನು ಶ್ರೀರಂಗಪಟ್ಟಣದಲ್ಲಿದ್ದ.

1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿ ಕಂಪನಿ ಹೊಸ ಒಪ್ಪಂದ ಮಾಡಿಕೊಂಡಿತು. ಇನ್ನು ಮೇಲೆ ನಿಮ್ಮ ರಾಜ್ಯವನ್ನು ನಾವು ಕಾಯುತ್ತೇವೆ. ನಮ್ಮ ಸೈನ್ಯ ಇಲ್ಲೇ ಇರುತ್ತದೆ. ಅದಕ್ಕೆ ವರ್ಷಕ್ಕೆ 7 ಲಕ್ಷ ವರಹ ಕೊಡಿ. ನಮ್ಮನ್ನು ಕೇಳದೆ ಬೇರೆ ರಾಜ್ಯದ ಜೊತೆ ವ್ಯವಹಾರ ಬೇಡ. ನಿಮ್ಮ ಪಾಠದಲ್ಲಿ ಬರುವ ಸಹಾಯಕ ಸೈನ್ಯ ಪದ್ಧತಿ ಇದೇ. 1831ರಲ್ಲಿ ನಗರ ಸೀಮೆಯ ರೈತರ ದಂಗೆಯ ನೆಪದಲ್ಲಿ ಕಂಪನಿ ಆಡಳಿತವನ್ನೂ ತೆಗೆದುಕೊಂಡಿತು. ಅದು ಒಡೆಯರ ಮನೆತನಕ್ಕೆ ವಾಪಸು ಬಂದದ್ದು 1881ರಲ್ಲಿ, ಐವತ್ತು ವರ್ಷದ ಮೇಲೆ. ಪಕ್ಕದ ಕೊಡಗಿನ ರಾಜ 1790ರಲ್ಲಿ ಕಂಪನಿಯ ಕೈ ಹಿಡಿದಿದ್ದ. 1834ರಲ್ಲಿ ಕಂಪನಿ ಕೊಡಗನ್ನೇ ನುಂಗಿತು.

"ಹಂಗಾದ್ರೆ ಯಾರ ಜೊತೇನೂ ಸೇರ್ಬಾರ್ದಾ ತಾತ?"

ಹಾಗೂ ಹೇಳುವಂತಿಲ್ಲ. ಐಸ್‌ಲ್ಯಾಂಡಿಗೆ ಸ್ವಂತ ಸೈನ್ಯವೇ ಇಲ್ಲ. 1949ರಿಂದ ನ್ಯಾಟೋ ಒಳಗಿದ್ದು ನೆಮ್ಮದಿಯಾಗಿದೆ. ಫಿನ್ಲೆಂಡ್ ದಶಕಗಟ್ಟಲೆ ಯಾವ ಗುಂಪಿಗೂ ಸೇರದೆ ಸ್ವಂತ ಸೈನ್ಯವನ್ನು ಗಟ್ಟಿ ಮಾಡಿಕೊಂಡಿತ್ತು. ರಷ್ಯಾ ಯುಕ್ರೇನಿನ ಮೇಲೆ ಬಿದ್ದದ್ದು ನೋಡಿ 2023ರಲ್ಲಿ ನ್ಯಾಟೋ ಸೇರಿತು. ನಮ್ಮ ನೆರೆಯ ಭೂತಾನ್ ಹೊರದೇಶಗಳ ವಿಷಯದಲ್ಲಿ ಭಾರತದ ಸಲಹೆಯಂತೆ ನಡೆಯಬೇಕೆಂದು 1949ರ ಒಪ್ಪಂದದಲ್ಲಿತ್ತು. 2007ರಲ್ಲಿ ಎರಡೂ ದೇಶ ಕೂತು ಆ ಮಾತನ್ನು ತೆಗೆದು ಹಾಕಿದವು. ಸ್ನೇಹ ಹಾಗೇ ಉಳಿಯಿತು. ಸಣ್ಣವರಿಗೆ ಸ್ನೇಹ ಬೇಕೇ ಬೇಕು. ಆದರೆ ಅವರಿಗೂ ನಮ್ಮಿಂದ ಏನು ಬೇಕು ಅಂತ ತಿಳಿದಿರಬೇಕು, ಸ್ವಂತ ಕೋಟೆಯನ್ನು ಬೀಳಲು ಬಿಡಬಾರದು, ಮನೆ ಬೀಗದ ಕೈಯನ್ನಂತೂ ಯಾರಿಗೂ ಕೊಡಬಾರದು.

ವಾಪಸು ಬರುವಾಗ ಅವಳು ಮತ್ತೆ ಕೇಳಿದಳು. "ಬತ್ತೀನಿ ಅಂದ್ಮೇಲೆ ಮನುಷ್ಯರು ಯಾಕೆ ಬರಲ್ಲ ತಾತ?"

ಇದಕ್ಕೆ ಇತಿಹಾಸ ಬೇಕಿರಲಿಲ್ಲ. ಮೂವತ್ತು ವರ್ಷದ ಹಿಂದೆ ನಮ್ಮ ಪಕ್ಕದ ಹೊಲದವನ ಬದುವನ್ನು ಆ ಕಡೆಯ ದೊಡ್ಡ ಹಿಡುವಳಿಯವನು ಒತ್ತಿಕೊಂಡಿದ್ದ. "ಸರ್ವೆ ದಿನ ನೀನು ಬಂದು ಒಂದು ಮಾತು ಹೇಳಣ್ಣ" ಅಂದ. "ಬತ್ತೀನಿ ಹೋಗೋ" ಅಂದೆ. ಆ ದಿನವೇ ನನ್ನ ಕಬ್ಬು ಕಡಿಯುವ ಆಳುಗಳು ಬಂದರು. ಬಿಟ್ಟರೆ ಮತ್ತೆ ಯಾವಾಗಲೋ ಅಂತ ನಾನು ಗದ್ದೆಯಲ್ಲೇ ಉಳಿದೆ. ದೊಡ್ಡವನನ್ನು ಎದುರು ಹಾಕಿಕೊಳ್ಳುವ ಹೆದರಿಕೆಯೂ ಇತ್ತು, ಈಗ ಒಪ್ಪಿಕೊಳ್ಳುತ್ತೇನೆ. ಬದು ಅವನ ಹೊಲದ ಒಳಗೇ ಉಳಿಯಿತು. ಅವನು ನನ್ನನ್ನು ಬಯ್ಯಲಿಲ್ಲ. ಎದುರು ಸಿಕ್ಕರೆ "ಊಟ ಆಯ್ತಾ ಅಣ್ಣ" ಅನ್ನುತ್ತಾನೆ. ಆದರೆ ಆಮೇಲೆ ಒಂದು ಹಗ್ಗ, ಒಂದು ಗುದ್ದಲಿಯನ್ನೂ ನನ್ನ ಹತ್ತಿರ ಕೇಳಿಲ್ಲ.

ಮೊಮ್ಮಗಳಿಗೆ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಅವತ್ತು ಯಾಕೆ ಬರ್ಲಿಲ್ಲ ಅಂತ ಆ ತಾತಂಗೆ ಹೇಳಿದ್ದೀಯಾ?"

"ಇಲ್ಲ ಕಣವ್ವ."

ಇದನ್ನು ಬರೆದು ಅಂಚೆಗೆ ಹಾಕಿ ಅವನ ಮನೆಗೆ ಹೋಗಬೇಕು. ಮೊಮ್ಮಗಳೂ ಬರುತ್ತಾಳಂತೆ.

ಮಕ್ಕಳೇ, ನಿಮ್ಮ ಅಜ್ಜ ಅಜ್ಜಿಯನ್ನೂ ಕೇಳಿ ನೋಡಿ. ಅವರ ಕಷ್ಟಕ್ಕೆ ಹೇಳಿದಂತೆ ಬಂದು ನಿಂತವರು ಯಾರು? ಅವರ ಹೆಸರು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ.