ನಾಲ್ಕು ವಾರಕ್ಕೆ ತೀರ್ಪು ಬೇಡ

ಕಳೆದ ತಿಂಗಳ ಒಂದು ಸಂಜೆ ನಾಯ್ಮಾರ್ಮೂಲೆಯ ನಮ್ಮ ಮನೆಗೆ ಹಳೆಯ ಪರಿಚಯದ ಮಾಸ್ತರರೊಬ್ಬರು ಬಂದರು. ಕೈಯಲ್ಲಿ ಔಷಧಿಯಂಗಡಿಯ ಬಿಲ್ಲುಗಳ ಕಟ್ಟು. "ವಕೀಲರೇ, ಬಳಕೆದಾರರ ನ್ಯಾಯಾಲಯದಲ್ಲಿ ಒಂದು ದೂರು ಹಾಕಬೇಕಲ್ಲ" ಎಂದರು. ತೂಕ ಇಳಿಸಲೆಂದು ವೈದ್ಯರು ಬರೆದುಕೊಟ್ಟ ಸೆಮಾಗ್ಲುಟೈಡ್ ಚುಚ್ಚುಮದ್ದು ಆರಂಭಿಸಿ ನಾಲ್ಕು ವಾರವಾಗಿದೆ. ಇಳಿದದ್ದು ಒಂದೇ ಕಿಲೋ. ದುಡ್ಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೆಂಬುದು ಅವರ ಅಹವಾಲು. (ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.)

ನಾನು ವೈದ್ಯನಲ್ಲ. ಆದರೆ ಕಾಗದ ಓದುವುದು ನನ್ನ ಕಸುಬು. ಪೆಟ್ಟಿಗೆಯೊಳಗೆ ಮಡಚಿಟ್ಟಿದ್ದ ವಿವರಪತ್ರವನ್ನು ಬಿಡಿಸಿ ಓದಿದೆ. 2025ರ ಜೂನ್‌ನಲ್ಲಿ ವೆಗೋವಿ ಎಂಬ ಹೆಸರಿನಿಂದ ಭಾರತದ ಮಾರುಕಟ್ಟೆಗೆ ಬಂದ ಈ ಔಷಧವನ್ನು ವಾರಕ್ಕೊಮ್ಮೆ ಚುಚ್ಚಿಕೊಳ್ಳಬೇಕು. ಊಟವಾದ ಮೇಲೆ ಕರುಳಿನಲ್ಲಿ ಹುಟ್ಟಿ, ಮಿದುಳಿಗೆ 'ಸಾಕು' ಎಂದು ತಿಳಿಸುವ ಹಾರ್ಮೋನನ್ನು ಇದು ಅನುಕರಿಸುತ್ತದೆ. ಜಠರ ಬರಿದಾಗುವುದನ್ನೂ ನಿಧಾನಿಸುತ್ತದೆ. ಒಮ್ಮೆಲೇ ಹೆಚ್ಚು ಕೊಟ್ಟರೆ ವಾಕರಿಕೆ, ವಾಂತಿ. ಆದುದರಿಂದ ಮೊದಲ ನಾಲ್ಕು ವಾರ ಕೇವಲ 0.25 ಮಿಲಿಗ್ರಾಂ. ಬಳಿಕ ನಾಲ್ಕು ನಾಲ್ಕು ವಾರಗಳಂತೆ 0.5, 1, 1.7. ಪೂರ್ಣ ಪ್ರಮಾಣವಾದ 2.4 ಮಿಲಿಗ್ರಾಂ ತಲುಪುವುದು ಹದಿನಾರು ವಾರಗಳ ನಂತರ. ಆರಂಭದ ಪ್ರಮಾಣವಿರುವುದು ದೇಹಕ್ಕೆ ಒಗ್ಗಿಸುವುದಕ್ಕೆ, ತೂಕ ಇಳಿಸುವುದಕ್ಕಲ್ಲ. ಸಾಕ್ಷಿವಿಚಾರಣೆಯೇ ಆರಂಭವಾಗದ ಮೊಕದ್ದಮೆಯಲ್ಲಿ ಮಾಸ್ತರರು ತೀರ್ಪು ಬರೆದುಬಿಟ್ಟಿದ್ದರು.

ಈ ಔಷಧದ ಕುರಿತು 2021ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ 1,961 ಮಂದಿ ಇದ್ದರು. ಔಷಧ ಪಡೆದವರ ತೂಕ ಸರಾಸರಿ ಶೇಕಡಾ 14.9ರಷ್ಟು ಇಳಿದದ್ದು 68 ವಾರಗಳಲ್ಲಿ. ಔಷಧವಿಲ್ಲದ ಚುಚ್ಚುಮದ್ದು ಪಡೆದವರಲ್ಲಿ ಇಳಿದದ್ದು ಶೇಕಡಾ 2.4. ಎರಡೂ ಗುಂಪಿನವರಿಗೆ ಮಿತಾಹಾರ ಮತ್ತು ವಾರಕ್ಕೆ 150 ನಿಮಿಷಗಳ ದೈಹಿಕ ಚಟುವಟಿಕೆಯ ಸಲಹೆ ನೀಡಲಾಗಿತ್ತು.

ಇನ್ನಷ್ಟು ಕೇಳಿದಾಗ ಬೇರೊಂದು ಸಂಗತಿ ಹೊರಬಿತ್ತು. ಮೂರನೆಯ ವಾರ ಬಂಧುಗಳ ಮದುವೆ. ಊಟ ಸೇರದಿದ್ದರೆ ಎಂದು ಹೆದರಿ ಚುಚ್ಚುಮದ್ದನ್ನೇ ಬಿಟ್ಟಿದ್ದರಂತೆ. ಆ ನಷ್ಟ ತುಂಬಲು ಎರಡನ್ನು ಒಟ್ಟಿಗೆ ಹಾಕಿಕೊಳ್ಳುವ ಯೋಚನೆಯೂ ಇತ್ತು! ಹಾಗೆ ಎಂದಿಗೂ ಮಾಡಬಾರದು. ತಪ್ಪಿದ್ದನ್ನು ವೈದ್ಯರಿಗೆ ತಿಳಿಸಿ ಅವರು ಹೇಳಿದಂತೆ ಮುಂದುವರಿಯಬೇಕು.

ಮನೆಯಲ್ಲಿ ದಿನವೂ ಬೆಳಗ್ಗೆ ತಕ್ಕಡಿ ಏರುವುದು, ಏಳನೆಯ ತರಗತಿಯ ಮಗಳು ಅಂಕಿಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವುದು. ಇದು ನನಗೆ ಸರಿಕಾಣಲಿಲ್ಲ. ಹಿಂದಿನ ದಿನದ ಉಪ್ಪಿನಕಾಯಿಯೂ ಮರುದಿನ ಅಂಕಿಯನ್ನು ಮೇಲಕ್ಕೆ ತಳ್ಳಬಹುದು. ಅಪ್ಪನ ಮುಖ ಬಾಡುವುದನ್ನು ಮಗು ದಿನವೂ ನೋಡುತ್ತದೆ. ವಾರಕ್ಕೊಮ್ಮೆ, ಒಂದೇ ಹೊತ್ತಿಗೆ ತೂಗಿದರೆ ಸಾಕು. ಸೊಂಟಕ್ಕೊಂದು ಟೇಪು ಹಿಡಿಯಿರಿ ಎಂದೆ.

ಹಸಿವಿಲ್ಲವೆಂದು ಮಾಸ್ತರರು ಎರಡು ಹೊತ್ತೂ ಬರಿಯ ಗಂಜಿ ಕುಡಿಯುತ್ತಿದ್ದರು. ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುವುದು ಹೀಗೆಯೇ. ಹುರುಳಿ, ಹೆಸರು, ಮೊಟ್ಟೆ, ಬಂಗುಡೆ ಇವು ನಮ್ಮಲ್ಲಿ ದುರ್ಲಭವಲ್ಲ. ವಿದ್ಯಾನಗರದ ಕ್ರೀಡಾಂಗಣವೂ ದೂರವಿಲ್ಲ.

ತಾಳ್ಮೆ ಸಲ್ಲದ ಸಂದರ್ಭವೂ ಇದೆ. ಬೆನ್ನಿಗೆ ಹಬ್ಬುವ ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ ಕಂಡರೆ ಮುಂದಿನ ವಾರಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ವೈದ್ಯರ ಚೀಟಿಯಿಲ್ಲದೆ ಕೊಳ್ಳುವುದಂತೂ ಕಾನೂನಿಗೂ ಹೊರತು, ದೇಹಕ್ಕೂ ಅಪಾಯ.

ಬೆಲೆಯ ಕುರಿತು ಮಾತ್ರ ಮಾಸ್ತರರ ತಕರಾರು ನ್ಯಾಯವಾದುದೇ. ಔಷಧ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೆಯ ಎರಡು ಪಾಲು ಒಂದು ವರ್ಷದೊಳಗೆ ಮರಳಿತೆಂದು ಅದೇ ಪರೀಕ್ಷೆಯ ಮುಂದುವರಿಕೆ ತೋರಿಸಿದೆ. ಎಷ್ಟು ಕಾಲ ಬೇಕು, ಅಷ್ಟು ಕಾಲ ನಮ್ಮಿಂದ ಸಾಧ್ಯವೇ ಎಂಬುದನ್ನು ಮೊದಲ ಚುಚ್ಚುಮದ್ದಿಗೆ ಮುಂಚೆಯೇ ವೈದ್ಯರೊಡನೆಯೂ ಮನೆಯವರೊಡನೆಯೂ ಮಾತಾಡಿಕೊಳ್ಳಬೇಕಿತ್ತು.

ದೂರು ದಾಖಲಾಗಲಿಲ್ಲ. ಬಿಲ್ಲುಗಳ ಕಟ್ಟನ್ನು ಮಾಸ್ತರರು ನನ್ನ ಮೇಜಿನ ಮೇಲೆಯೇ ಮರೆತು ಹೋಗಿದ್ದಾರೆ. ಶನಿವಾರ ನಡೆದುಕೊಂಡೇ ಬಂದು ಒಯ್ಯುವರಂತೆ.