ಒಂದು ಬಂಧನ, ಎರಡು ವಿಡಿಯೊ

ಪಕ್ಷದ ಮನೆಯಲ್ಲೇ ಚಾನೆಲ್ ಹುಟ್ಟಿದರೆ ಏನಾಗುತ್ತದೆಂದು ಚೆನ್ನೈ 2001ರಲ್ಲೇ ತೋರಿಸಿಕೊಟ್ಟಿತ್ತು. ಮೇಲ್ಸೇತುವೆ ಹಗರಣದ ಆರೋಪದ ಮೇಲೆ ಜಯಲಲಿತಾ ಸರ್ಕಾರದ ಪೊಲೀಸರು ಜೂನ್ 30ರ ನಡುರಾತ್ರಿ ಮನೆಗೆ ನುಗ್ಗಿ ಮಾಜಿ ಮುಖ್ಯಮಂತ್ರಿ, ಡಿಎಂಕೆ ನಾಯಕ ಕರುಣಾನಿಧಿಯವರನ್ನು ಬಂಧಿಸಿದರು. ಅವರ ಸೋದರಳಿಯ, ಕೇಂದ್ರ ಸಚಿವ ಮುರಸೊಲಿ ಮಾರನ್ ಅವರ ಮಗನದೇ ಸನ್ ಟಿವಿ. 77ರ ನಾಯಕನನ್ನು ಪೊಲೀಸರು ಎಳೆದಾಡುವ, ಅವರು ಚೀರುವ ದೃಶ್ಯವನ್ನು ಅದು ಮತ್ತೆ ಮತ್ತೆ ಬಿತ್ತರಿಸಿತು. ಜಯಲಲಿತಾ ಪಾಳಯದ ಜಯಾ ಟಿವಿಯಲ್ಲಿ ತಳ್ಳಾಟಕ್ಕೆ ನಿಂತವರು ಸಚಿವ ಮಾರನ್ ಮತ್ತು ಸಂಗಡಿಗರು, ಪಾಪದವರು ಪೊಲೀಸರು!

ಎರಡೂ ಕಡೆ ದೃಶ್ಯ ಅಸಲಿಯೇ. ಕತ್ತರಿ ಆಡಿದ ಜಾಗ ಮಾತ್ರ ಬೇರೆ. ಸೇತುವೆಗಳ ಗುತ್ತಿಗೆಯಲ್ಲಿ ಸರ್ಕಾರಕ್ಕೆ 12 ಕೋಟಿ ರೂಪಾಯಿ ನಷ್ಟವಾಯಿತೆಂಬ ಮೂಲ ಆರೋಪ ನಿಜವೋ ಸುಳ್ಳೋ, ಟೆಂಡರ್ ಹೇಗೆ ನಡೆಯಿತು ಎಂಬ ಪ್ರಶ್ನೆಗಳು ಈ ಗದ್ದಲದಲ್ಲಿ ಮೂಲೆಗುಂಪಾದವು. ಅದು ಇಬ್ಬರಿಗೂ ಅನುಕೂಲವೇ ಆಗಿತ್ತೇನೋ.

ಕರ್ನಾಟಕದ ನಾವೇನೂ ದೂರ ನಿಂತು ನಗುವಂತಿಲ್ಲ. ಕುಮಾರಸ್ವಾಮಿ ಕುಟುಂಬದ ಕಸ್ತೂರಿ ವಾಹಿನಿ ಶುರುವಾದದ್ದು 2007ರಲ್ಲಿ, ಅವರು ಮುಖ್ಯಮಂತ್ರಿಯಾಗಿದ್ದಾಗಲೇ. ರಾಜಕೀಯ ಪಕ್ಷಗಳನ್ನು ಪ್ರಸಾರ ಕ್ಷೇತ್ರದಿಂದ ಹೊರಗಿಡಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2008ರಲ್ಲಿ ಶಿಫಾರಸು ಮಾಡಿತು, 2014ರಲ್ಲಿ ಮತ್ತೆ ಹೇಳಿತು. ಎಲ್ಲ ಪಕ್ಷಗಳ ಸರ್ಕಾರಗಳೂ ಕಡತವನ್ನು ತಣ್ಣಗೆ ಮಡಚಿಟ್ಟವು. ಕಾಯ್ದೆ ಬರುವ ತನಕ ಒಂದಾದರೂ ಆಗಲಿ: ಹಗರಣದ ಸುದ್ದಿ ಓಡುವಾಗ, ಮಾಲೀಕರು ಯಾರು, ಯಾವ ಪಕ್ಷದ ನಂಟು ಎಂಬುದನ್ನು ಪರದೆಯ ಕೆಳಗಿನ ಪಟ್ಟಿಯಲ್ಲಿ ಹಾಕಲಿ.