ಐರ್ಲೆಂಡಿನ ಹಳ್ಳಿಯ ನೀರಿಗೆ ಹಣ ಕೊಡಬೇಕಾದವರು ಯಾರು?

ಐರ್ಲೆಂಡಿನ ಪಶ್ಚಿಮದ ಗ್ರಾಮಾಂತರದಲ್ಲಿ ಮನೆ ಮಾಡಿದ ವರ್ಷ ನಮಗೆ ಬಂದ ಮೊದಲ ಪತ್ರಗಳಲ್ಲಿ ನೀರಿನ ಬಿಲ್ಲೂ ಒಂದು. ಪಟ್ಟಣದಲ್ಲಿ ಬಾಡಿಗೆಗಿದ್ದಾಗ ಅಂಥದ್ದನ್ನು ಕಂಡಿರಲಿಲ್ಲ. ವಿಚಾರಿಸಿದಾಗ ತಿಳಿಯಿತು: ನಮ್ಮ ನಲ್ಲಿಗೆ ನೀರು ಕೊಡುವುದು ಸರ್ಕಾರಿ ಸಂಸ್ಥೆಯಲ್ಲ, ಊರಿನವರೇ ನಡೆಸುವ ಸಹಕಾರ ಸಂಘ. ಇಲ್ಲಿ ಇದನ್ನು 'ಗ್ರೂಪ್ ವಾಟರ್ ಸ್ಕೀಮ್' ಎನ್ನುತ್ತಾರೆ.

ಕಳೆದ ಶತಮಾನದ ಮಧ್ಯಭಾಗದವರೆಗೂ ಇಲ್ಲಿನ ಹಳ್ಳಿಯ ಹೆಂಗಸರು ಬಾವಿಯಿಂದ ಬಕೆಟ್ ಹೊತ್ತು ತರುತ್ತಿದ್ದರು. ಸರ್ಕಾರದ ಕೊಳವೆ ತಲುಪದ ಕಡೆ ನೆರೆಹೊರೆಯವರು ಸೇರಿ, ಸರ್ಕಾರದ ಒಂದಿಷ್ಟು ಸಹಾಯಧನ ಪಡೆದು, ಕೆರೆಯಿಂದಲೋ ಚಿಲುಮೆಯಿಂದಲೋ ನೀರು ತಂದುಕೊಂಡರು. ಆ ಸಂಘಗಳೇ ಇಂದಿಗೂ ನೂರಾರು ಊರುಗಳ ದಾಹ ತಣಿಸುತ್ತಿವೆ.

ಪ್ರಶ್ನೆ ಇರುವುದು ನ್ಯಾಯದ್ದು. 1997ರಲ್ಲಿ ಇಲ್ಲಿ ಗೃಹಬಳಕೆಯ ನೀರಿನ ಶುಲ್ಕ ರದ್ದಾಯಿತು. 2014ರಲ್ಲಿ ಮತ್ತೆ ಹೇರಿದಾಗ ಜನ ಬೀದಿಗಿಳಿದರು. 2016ರಲ್ಲಿ ಅದನ್ನು ತಡೆಹಿಡಿದು, ಮರುವರ್ಷ ಕಾನೂನಿನ ಮೂಲಕ ಕೈಬಿಡಲಾಯಿತು. ಹೀಗಾಗಿ ಸಾರ್ವಜನಿಕ ಜಾಲದ ಮನೆಗಳ ನೀರಿನ ವೆಚ್ಚವನ್ನು ಮುಖ್ಯವಾಗಿ ತೆರಿಗೆಯ ಬೊಕ್ಕಸವೇ ಭರಿಸುತ್ತದೆ. ಅದೇ ತೆರಿಗೆ ಕಟ್ಟುವ ಹಳ್ಳಿಯವನು ತನ್ನ ಸಂಘಕ್ಕೆ ಬೇರೆಯಾಗಿ ಹಣ ಕೊಡಬೇಕು. ಸರ್ಕಾರ ಸಂಘಗಳಿಗೆ ಮನೆಗಿಷ್ಟು ಎಂದು ವಾರ್ಷಿಕ ಸಹಾಯಧನ ನೀಡುತ್ತದೆ, ನಿಜ. ಆದರೆ ಅದು ಎಲ್ಲ ಖರ್ಚನ್ನೂ ತುಂಬುವುದಿಲ್ಲ.

ಖರ್ಚಾದರೂ ಏತಕ್ಕೆ? 2002ರಲ್ಲಿ ಐರೋಪ್ಯ ನ್ಯಾಯಾಲಯವು ಕುಡಿಯುವ ನೀರಿನ ಗುಣಮಟ್ಟ ಕಾಯದ ಐರ್ಲೆಂಡಿನ ವಿರುದ್ಧ ತೀರ್ಪಿತ್ತಿತು. ದೋಷದ ದೊಡ್ಡ ಪಾಲು ಈ ಸಂಘಗಳ ನೀರಿನಲ್ಲಿ ಸಿಕ್ಕ ಮಲಜನ್ಯ ಸೂಕ್ಷ್ಮಾಣುಗಳದ್ದು. ಆ ಬಳಿಕ ಸರ್ಕಾರ ಶುದ್ಧೀಕರಣ ಘಟಕಗಳಿಗೆ ಧಾರಾಳವಾಗಿ ಹಣ ಕೊಟ್ಟಿತು. ನೀರೂ ಬಹುಮಟ್ಟಿಗೆ ಸುಧಾರಿಸಿತು. ಆದರೆ ಘಟಕ ಕಟ್ಟುವುದು ಒಮ್ಮೆ, ನಡೆಸುವುದು ನಿತ್ಯ. ವಿದ್ಯುತ್ತು, ಕ್ಲೋರಿನ್, ಪರೀಕ್ಷೆ, ಉಸ್ತುವಾರಿಯವನ ಸಂಬಳ ಇವು ಐವತ್ತು ಮನೆಗಳಿಗಾದರೂ ಐನೂರು ಮನೆಗಳಿಗಾದರೂ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಮನೆಗಳನ್ನು ಎಣಿಸಿ ಕೊಡುವ ಹಣ ಚಿಕ್ಕ ಸಂಘಕ್ಕೆ ಸಾಲದೆ ಹೋಗುವುದು ಇದರಿಂದಲೇ. ಸಮಿತಿಯ ಹಿರಿಯರು ಸಂಜೆಯ ಹೊತ್ತು ಕೊಡುವ ಪುಕ್ಕಟೆ ದುಡಿಮೆಯಂತೂ ಯಾವ ಲೆಕ್ಕಕ್ಕೂ ಸೇರದು.

ಶುಲ್ಕವೇ ತಪ್ಪೆಂದು ನಾನು ಹೇಳಲಾರೆ. ಮೀಟರು ಇರುವುದರಿಂದ ನಮ್ಮಲ್ಲಿ ಸೋರಿಕೆ ಬೇಗ ಗೊತ್ತಾಗುತ್ತದೆ. ಹಣ ಕೊಟ್ಟವನು ಸಭೆಯಲ್ಲಿ ಎದ್ದು ಪ್ರಶ್ನೆ ಕೇಳುತ್ತಾನೆ. ತಪ್ಪಿರುವುದು ಒಂದೇ ದೇಶದಲ್ಲಿ ವಿಳಾಸ ನೋಡಿ ಎರಡು ನಿಯಮ ಮಾಡುವುದರಲ್ಲಿ. ಎಲ್ಲರಿಗೂ ಮಿತವಾದ ಶುಲ್ಕ ಇರಲಿ, ಇಲ್ಲವೇ ಒಂದು ಮನೆಗೆ ಅಗತ್ಯವಾದಷ್ಟು ನೀರಿನ ವೆಚ್ಚವನ್ನು ಎಲ್ಲಿದ್ದರೂ ಬೊಕ್ಕಸವೇ ಹೊರಲಿ.

ಊರಿಗೆ ಫೋನ್ ಮಾಡಿದಾಗ ಅಮ್ಮ 'ನಲ್ಲಿ ಹಾಕಿದ್ದಾರೆ, ನೀರು ಬರುವ ದಿನ ಬರುತ್ತದೆ' ಎನ್ನುತ್ತಾಳೆ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್, ನಮ್ಮ ರಾಜ್ಯದ 'ಮನೆ ಮನೆಗೆ ಗಂಗೆ', ತಲೆಗೆ ದಿನಕ್ಕೆ 55 ಲೀಟರಿನ ಗುರಿ ಇಟ್ಟುಕೊಂಡಿದೆ. ಕರ್ನಾಟಕದಲ್ಲಿ ಅದರ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯ ಸಮನಾಗಿ ಹಂಚಿಕೊಳ್ಳುತ್ತವೆ. ಆದರೆ ಮೋಟಾರು ಸುಟ್ಟಾಗ, ನೀರಗಂಟಿಯ ಸಂಬಳ ತಡವಾದಾಗ ಹೊಣೆ ಹೊರಬೇಕಾದುದು ಗ್ರಾಮ ಪಂಚಾಯಿತಿ. ಕೊಳವೆಗೆ ಹಣ ಕೊಟ್ಟ ಸರ್ಕಾರ ನೀರು ಹರಿಸುವುದಕ್ಕೂ ಪ್ರತಿವರ್ಷ ಖಚಿತವಾದ ಪಾಲು ಕೊಡಬೇಕೆಂಬುದು ಐರ್ಲೆಂಡಿನ ಅನುಭವ ಕಲಿಸುವ ಪಾಠ.

ಇಲ್ಲಿಗೆ ಬರಲಿಚ್ಛಿಸುವವರಿಗೊಂದು ಮಾತು. ಹಳ್ಳಿಯಲ್ಲಿ ಮನೆ ನೋಡುವಾಗ ನೀರು ಸಾರ್ವಜನಿಕ ಜಾಲದ್ದೋ, ಸಂಘದ್ದೋ, ಸ್ವಂತ ಬೋರ್‌ವೆಲ್‌ನದ್ದೋ ಎಂದು ಮೊದಲೇ ಕೇಳಿ. ಸಂಘದ್ದಾದರೆ ವಾರ್ಷಿಕ ಶುಲ್ಕವನ್ನೂ ಇತ್ತೀಚಿನ ಪರೀಕ್ಷೆಯ ವರದಿಯನ್ನೂ ಕೇಳಿ ಪಡೆಯಿರಿ. ವಾರ್ಷಿಕ ಸಭೆಗೆ ತಪ್ಪದೆ ಹೋಗಿ. ನಮ್ಮ ಊರಿನ ಸಭೆಯಲ್ಲಿ ಖಜಾಂಚಿಯ ಹುದ್ದೆಗೆ ಯಾರೂ ಕೈ ಎತ್ತದಿದ್ದಾಗ ನಾನು ಎತ್ತಿದೆ. ಈ ಲೆಕ್ಕವೆಲ್ಲ ನನಗೆ ಅರ್ಥವಾದದ್ದು ಆ ಮೇಲೆ.